ಬೈಗುಳವಿಲ್ಲದ ಒಂದು ತಿಂಗಳು

ಗಲ್ಲಾದ ಹಿಂದೆ ಕೂತವನು ನಗುವುದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ದಿನಕ್ಕೊಂದು ತಮಾಷೆ ತಾನಾಗಿಯೇ ಬಾಗಿಲು ದಾಟಿ ಒಳಗೆ ಬರುತ್ತದೆ, ನೀರು ಕೇಳುತ್ತದೆ, ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುತ್ತದೆ. ಮುಂಬಯಿಯ ಫೋರ್ಟಿನಲ್ಲಿ, ಕೋರ್ಟಿಗೂ ಬ್ಯಾಂಕುಗಳಿಗೂ ನಡುವಿನ ಒಂದು ಗಲ್ಲಿಯ ಉಡುಪಿ ಹೋಟೆಲಿಗೆ ನಾನು ಇಪ್ಪತ್ತಾರು ವರ್ಷದಿಂದ ಮ್ಯಾನೇಜರ್. ಇಷ್ಟು ಕಾಲವೂ ನಾನು ಗಿರಾಕಿಗಳನ್ನು ನೋಡಿ ನಗುತ್ತಿದ್ದೆ. ಕಳೆದ ವರ್ಷ ಒಂದು ತಿಂಗಳು ಗಿರಾಕಿಗಳೇ ನಮ್ಮನ್ನು ನೋಡಿ ನಕ್ಕರು. ಅದಕ್ಕೆಲ್ಲ ಕಾರಣ ಕೃತಜ್ಞತೆ.

ಮೊದಲು ನಮ್ಮ ಧಣಿಗಳ ಸ್ವಭಾವ ಹೇಳಿಬಿಡುತ್ತೇನೆ. ಅವರು ಯಾರನ್ನೂ ಹೊಗಳಿದವರಲ್ಲ. ಸಾಂಬಾರು ಕೆಟ್ಟರೆ, "ಇದು ಸಾಂಬಾರಾ, ಕೈ ತೊಳೆದ ನೀರಾ?" ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಾರೆ. ಚೆನ್ನಾಗಿದ್ದರೆ ಬಾಯಿ ಬಿಡುವುದಿಲ್ಲ. ಬಹಳ ಚೆನ್ನಾಗಿದ್ದರೆ ಖಾಲಿ ಬಟ್ಟಲು ಮುಂದೆ ಚಾಚಿ, "ಇನ್ನೊಂದು ಸೌಟು ಹಾಕು, ದಂಡ ಆಗುದು ಬೇಡ" ಎನ್ನುತ್ತಾರೆ. ಆ ಮಾತು ಕೇಳಿದ ಅಡಿಗೆಯವನು ಒಂದು ವಾರ ಎದೆಯುಬ್ಬಿಸಿ ಓಡಾಡುತ್ತಾನೆ. ಇನ್ನು ಶಾಲು, ಹಾರ, ಹಣ್ಣಿನ ಬುಟ್ಟಿ ಇವೆಲ್ಲ ನಮ್ಮಲ್ಲಿ ಒಂದೇ ಸಂದರ್ಭಕ್ಕೆ. ಕೆಲಸ ಬಿಟ್ಟು ಊರಿಗೆ ಹೊರಟವನಿಗೆ. ನಾನು ಕಂಡಂತೆ ಐದು ಶಾಲು ಹೊದಿಸಿದ್ದಾರೆ, ಐದೂ ಜನ ಮರುದಿನದ ಬಸ್ಸು ಹತ್ತಿದ್ದಾರೆ.

ಧಣಿಗಳಿಗೆ ಮೊಣಕಾಲಿನ ಆಪರೇಷನ್ ಆದ ಮೇಲೆ ಮಗಳು ಹೋಟೆಲಿಗೆ ಬಂದಳು. ವಿಕ್ರೋಳಿಯಲ್ಲಿ ಯಾವುದೋ ದೊಡ್ಡ ಕಂಪನಿಯಲ್ಲಿ ನೌಕರರನ್ನು ನೋಡಿಕೊಳ್ಳುವ ವಿಭಾಗದಲ್ಲಿದ್ದವಳು. ಮೂವತ್ತು ದಾಟಿದೆ, ಆದರೂ ಹೋಟೆಲಿನಲ್ಲಿ ಎಲ್ಲರಿಗೂ ಅವಳು ಬೇಬಿಯೇ. ಬಂದ ಮೂರನೇ ದಿನ ಗಲ್ಲಾದ ಪಕ್ಕ ನಿಂತು ಅಪ್ಪ ಬೈಯುವುದನ್ನು ಮಧ್ಯಾಹ್ನದವರೆಗೆ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಂಕಲ್, ಇಲ್ಲಿ ಅಪ್ರಿಶಿಯೇಷನ್ ಕಲ್ಚರೇ ಇಲ್ಲ" ಎಂದಳು.

"ಇಲ್ಲ ಬೇಬಿ, ಇಲ್ಲಿ ಇಡ್ಲಿ ದೋಸೆ ಮಾತ್ರ" ಎಂದೆ.

ಅವಳಿಗೆ ನಗು ಬರಲಿಲ್ಲ. ಅಲ್ಲಿಂದಲೇ ನಮಗೆ ಶುರುವಾಯಿತು.

ಅಂಗಿ ಚೆಂದ ಉಂಟು

ಮೊದಲ ನಿಯಮ ಧಣಿಗಳಿಗೆ. ಒಂದು ತಿಂಗಳು ಯಾರಿಗೂ ಬೈಯಬಾರದು. ಅಷ್ಟೇ ಅಲ್ಲ, ದಿನಕ್ಕೆ ಒಬ್ಬರಿಗಾದರೂ ಒಂದು ಒಳ್ಳೆಯ ಮಾತು ಹೇಳಬೇಕು.

ಧಣಿಗಳು ಊರಿನ ಕಂಬಳದ ಕೋಣಗಳನ್ನು ಹೊಗಳಿದ್ದುಂಟು. ಮನುಷ್ಯರನ್ನು ಹೊಗಳುವ ಅಭ್ಯಾಸ ಇಲ್ಲ. ಮೊದಲ ದಿನ ಬೆಳಿಗ್ಗೆ ಕೈಗೋಲು ಊರಿಕೊಂಡು ಹೋಟೆಲಿನ ನಡುವೆ ನಿಂತರು. ಬಿಜಾಪುರದ ಕಡೆಯ ನಮ್ಮ ಹಿರಿಯ ಸಪ್ಲಾಯರ್ ನಾಲ್ಕು ಗ್ಲಾಸು ನೀರಿಗೆ ನಾಲ್ಕು ಬೆರಳು ಅದ್ದಿಕೊಂಡು ಎದುರಿಗೆ ಬಂದ. ಬೇರೆ ದಿನವಾಗಿದ್ದರೆ ಆ ಬೆರಳುಗಳ ಬಗ್ಗೆಯೇ ಹತ್ತು ನಿಮಿಷದ ಪ್ರವಚನ ಆಗುತ್ತಿತ್ತು. ಧಣಿಗಳ ಬಾಯಿ ತೆರೆಯಿತು. ಗಲ್ಲಾದ ಪಕ್ಕದಿಂದ ಬೇಬಿ ಕೆಮ್ಮಿದಳು. ಬಾಯಿ ಮುಚ್ಚಿತು. ಮುಖ ಕೆಂಪಾಯಿತು. ಆಮೇಲೆ ಬಹಳ ಕಷ್ಟದಿಂದ, "ನಿನ್ನ ಅಂಗಿ... ಅಂಗಿ ಚೆಂದ ಉಂಟು" ಎಂದರು.

ಅವನು ತನ್ನ ಅಂಗಿ ನೋಡಿಕೊಂಡ. ಧಣಿಗಳನ್ನು ನೋಡಿದ. ಗ್ಲಾಸು ಅಲ್ಲೇ ಯಾರದೋ ಟೇಬಲ್ಲಿಗೆ ಇಟ್ಟು ಸೀದಾ ನನ್ನ ಹತ್ತಿರ ಓಡಿ ಬಂದ.

"ಮ್ಯಾನೇಜರ್ ಸಾಹೇಬ್ರ, ಧಣ್ಯಾರಿಗೆ ಜ್ವರಾ ಏನರ ಬಂದಾವೇನ್ರಿ? ಮಾರಿ ಕೆಂಪಾಗೇತಿ, ಏನೇನರ ಮಾತಾಡಾಕತ್ತಾರ."

ನಾನು ಸಮಾಧಾನ ಹೇಳಿ ಕಳಿಸಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಅವನ ಅಂಗಿ ನಮ್ಮ ಹೋಟೆಲೇ ಹೊಲಿಸಿಕೊಟ್ಟ ನೀಲಿ ಯೂನಿಫಾರ್ಮು. ಎಂಟು ಸಪ್ಲಾಯರಿಗೂ ಒಂದೇ ಥಾನಿನ ಬಟ್ಟೆ, ಒಬ್ಬನೇ ದರ್ಜಿ. ಮಧ್ಯಾಹ್ನದ ಹೊತ್ತಿಗೆ ಉಳಿದ ಏಳು ಮಂದಿ ಗಲ್ಲಾದ ಮುಂದೆ ಸಾಲಾಗಿ ನಿಂತಿದ್ದರು. ತಮ್ಮ ಅಂಗಿಯಲ್ಲಿ ಏನು ಕೊರತೆ ಎಂದು ಅವರಿಗೆ ತಿಳಿಯಬೇಕಿತ್ತು.

ಥ್ಯಾಂಕ್ಯೂ ಹೇಳದೆ ಇಡ್ಲಿ ಇಲ್ಲ

ಎರಡನೇ ನಿಯಮ ನಮಗೆಲ್ಲರಿಗೂ. ಯಾರು ಯಾರಿಂದ ಏನು ತೆಗೆದುಕೊಂಡರೂ ಮುಖ ನೋಡಿ ಥ್ಯಾಂಕ್ಯೂ ಹೇಳಬೇಕು. ಕೊಟ್ಟವರು ನಗಬೇಕು. ನಗುವುದು ಕಡ್ಡಾಯ.

ಮಧ್ಯಾಹ್ನ ಒಂದರಿಂದ ಎರಡೂವರೆ ನಮ್ಮಲ್ಲಿ ಹೇಗಿರುತ್ತದೆ ಎಂದು ಫೋರ್ಟಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಒಬ್ಬರು ತಿನ್ನುತ್ತಿರುವಾಗಲೇ ಇನ್ನೊಬ್ಬರು ಅವರ ಕುರ್ಚಿ ಹಿಡಿದುಕೊಂಡು ನಿಂತಿರುತ್ತಾರೆ. ಅಂಥ ಹೊತ್ತಿನಲ್ಲಿ ಅಡಿಗೆಮನೆಯ ಕಿಂಡಿಯ ಹತ್ತಿರ ಗಾಡಿಯೇ ನಿಂತುಹೋಯಿತು. ಸಪ್ಲಾಯರ್ ದೋಸೆ ಎತ್ತಿಕೊಂಡು ಥ್ಯಾಂಕ್ಯೂ ಎನ್ನುತ್ತಾನೆ. ದೋಸೆ ಭಟ್ಟರು ಕಾವಲಿ ಬಿಟ್ಟು ತಿರುಗಿ ನಗುತ್ತಾರೆ. ಅಷ್ಟರಲ್ಲಿ ಕಾವಲಿಯ ಮೇಲಿನ ದೋಸೆ ಸೀಯುತ್ತದೆ. ನಮ್ಮ ಬಿಜಾಪುರದವನಿಗೆ ಬರೀ ಥ್ಯಾಂಕ್ಯೂ ಸಾಲದೆನಿಸಿತು. ಎರಡೂ ಕೈಯಲ್ಲಿ ತಟ್ಟೆ ಹಿಡಿದು ಬಗ್ಗಿ, "ಭಟ್ರ, ನಿಮ್ಮ ಉಪಕಾರ ಭಾಳ ಆತ್ರಿ. ನಿಮ್ಮ ಮಂದಿ ಮಕ್ಕಳೆಲ್ಲಾ ತಣ್ಣಗಿರ್ಲಿ" ಎಂದ. ಹಾಗೆ ಆಶೀರ್ವಾದ ಸಿಕ್ಕಿದ ಮೇಲೆ ಸುಮ್ಮನಿದ್ದರೆ ಹೇಗೆ? ಭಟ್ಟರೂ ಕೈಯೊರೆಸಿಕೊಂಡು, "ನಿಮ್ಮ ಮನೆಯಲ್ಲಿ ಎಲ್ಲ ಸೌಖ್ಯವಾ ಮಾರಾಯ್ರೆ?" ಎಂದು ಶುರುಮಾಡಿದರು. ಇಬ್ಬರೂ ಹದಿನೈದು ವರ್ಷ ಒಟ್ಟಿಗೆ ಕೆಲಸ ಮಾಡಿದವರು. ಕುಶಲ ಕೇಳಿಕೊಂಡದ್ದು ಅದೇ ಮೊದಲು.

ಬಾಗಿಲ ಹತ್ತಿರದ ಟೇಬಲ್ಲಿನಲ್ಲಿ ಹೈಕೋರ್ಟಿನ ಒಬ್ಬರು ವಕೀಲರು ನಮ್ಮ ಕಾಯಂ ಗಿರಾಕಿ. ಒಂದು ಪ್ಲೇಟ್ ಇಡ್ಲಿ ಹೇಳಿ ಇಪ್ಪತ್ತು ನಿಮಿಷವಾಗಿತ್ತು. ಎರಡಕ್ಕೆ ಅವರ ಕೇಸು. ಕರಿಕೋಟು ತೋಳಿಗೆ ಹಾಕಿಕೊಂಡು ಗಲ್ಲಾಕ್ಕೆ ಬಂದು, ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ ಕೇಳಿದರು:

"ಮ್ಯಾನೇಜರ್ ಸಾಹೇಬ್, ನಾನು ಯಾರಿಗೆ ಥ್ಯಾಂಕ್ಯೂ ಹೇಳಿದರೆ ನನ್ನ ಇಡ್ಲಿ ಹೊರಗೆ ಬರುತ್ತದೆ?"

ಹಸಿರು ಶಾಯಿ

ಬೇಬಿ ಸೋಲುವವಳಲ್ಲ. ಬಾಯಲ್ಲಿ ಹೇಳಿದರೆ ಹೊತ್ತಾಗುತ್ತದೆ, ಹಾಗಾದರೆ ಬರೆಯಿರಿ ಎಂದಳು. ಕೈತೊಳೆಯುವ ಜಾಗದ ಪಕ್ಕ ಒಂದು ಖಾಲಿ ತುಪ್ಪದ ಡಬ್ಬ ಇಟ್ಟು, ಅದಕ್ಕೆ ಬಣ್ಣದ ಕಾಗದ ಅಂಟಿಸಿದಳು. ಯಾರಿಗೆ ಯಾರ ಉಪಕಾರ ನೆನಪಾದರೂ ಚೀಟಿ ಬರೆದು ಹಾಕಬೇಕು. ಹೆಸರು ಹಾಕುವುದು ಬಿಡುವುದು ಬರೆದವರ ಇಷ್ಟ. ಶನಿವಾರ ಎಲ್ಲರ ಮುಂದೆ ಓದುವುದು. ತಿಂಗಳ ಕೊನೆಗೆ ಯಾರ ಹೆಸರಿಗೆ ಹೆಚ್ಚು ಚೀಟಿಯೋ ಅವರು ತಿಂಗಳ ಅತ್ಯುತ್ತಮ ಕೆಲಸಗಾರ.

ನಮ್ಮವರು ಡಬ್ಬವನ್ನು ತಮಗೆ ತಿಳಿದ ಹಾಗೆ ಬಳಸಿಕೊಂಡರು. ಮೊದಲ ಶನಿವಾರ ಬೇಬಿ ಓದಿದ ಚೀಟಿಗಳು ನನಗೆ ಇನ್ನೂ ಬಾಯಿಪಾಠ. "ನನ್ನ ಚಪ್ಪಲಿ ಹಾಕಿಕೊಂಡು ಊರಿಗೆ ಹೋಗಿ, ಬರಿಗಾಲಲ್ಲಿ ನಡೆಯುವ ಆರೋಗ್ಯದ ಲಾಭ ತಿಳಿಸಿಕೊಟ್ಟವರಿಗೆ ಧನ್ಯವಾದ." "ಬೆಳಿಗ್ಗೆ ಒಂದು ಗಂಟೆ ಬಚ್ಚಲಲ್ಲಿ ಹಾಡು ಹೇಳಿ, ಹೊರಗೆ ನಿಂತ ಆರು ಮಂದಿಗೆ ತಾಳ್ಮೆ ಕಲಿಸಿದವರಿಗೆ ಧನ್ಯವಾದ." ಓದುತ್ತಾ ಬೇಬಿಯ ಕಣ್ಣು ತುಂಬಿ ಬಂತು. ಇಷ್ಟು ಕೃತಜ್ಞತೆ ನಮ್ಮ ಜನರ ಒಳಗೆ ಅಡಗಿತ್ತಲ್ಲ ಎಂದು ಅವಳಿಗೆ ಸಂತೋಷ.

ನಗುತ್ತಾ ಕೂತಿದ್ದೆ ನಿಜ. ಆದರೆ ಮೂರು ಶನಿವಾರ ಕಳೆದರೂ ನನ್ನ ಹೆಸರಿಗೆ ಒಂದು ಚೀಟಿಯೂ ಬರಲಿಲ್ಲ. ಮುಚ್ಚಿಡುವುದೇನು, ನನಗೆ ಹೊಟ್ಟೆ ಉರಿಯಿತು. ಇಪ್ಪತ್ತಾರು ವರ್ಷ ಇವರ ರಜೆ, ಇವರ ಜಗಳ, ಇವರ ಊರಿನ ಟಿಕೆಟ್ಟು ಎಲ್ಲ ನೋಡಿಕೊಂಡವನು ನಾನು. ಚಪ್ಪಲಿ ಕದ್ದವನಿಗೆ ಧನ್ಯವಾದ ಉಂಟು, ನನಗಿಲ್ಲವೇ?

ನಾಲ್ಕನೇ ಶುಕ್ರವಾರ ಯಾರೂ ಇಲ್ಲದಾಗ ಎಡಗೈಯಲ್ಲಿ ಒಂದು ಚೀಟಿ ಬರೆದೆ. "ನಮ್ಮ ಮ್ಯಾನೇಜರು ತಾಳ್ಮೆಯ ಮೂರ್ತಿ. ಅವರಿಲ್ಲದಿದ್ದರೆ ಈ ಹೋಟೆಲ್ ಇಲ್ಲ. ಇಂತಿ, ಒಬ್ಬ ಸಪ್ಲಾಯರ್." ಅಕ್ಷರ ನನ್ನದೆಂದು ನನಗೇ ಗುರುತು ಸಿಗದಷ್ಟು ಸೊಟ್ಟಗಿತ್ತು.

ಶನಿವಾರ ಬೇಬಿ ಅದನ್ನು ಓದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಾಚಿದವನಂತೆ ಕತ್ತು ಬಗ್ಗಿಸಿದೆ. ಆಗ ಬಿಜಾಪುರದವನು ಮುಂದೆ ಬಂದು ಚೀಟಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ.

"ಸಾಹೇಬ್ರ, ಈ ಹಸರ ಶಾಯಿ ಪೆನ್ನು ಇಡೀ ಹೋಟೇಲ್ನ್ಯಾಗ ಒಂದಽ ಐತ್ರಿ. ಅದು ಈಗ ನಿಮ್ಮ ಕಿಸೆದಾಗ ಐತಿ."

ಸನ್ಮಾನ

ತಿಂಗಳ ಕೊನೆಗೆ ಗೆದ್ದವರು ದೋಸೆ ಭಟ್ಟರು. ಅದರಲ್ಲಿ ಮೋಸವಿರಲಿಲ್ಲ. ಇಪ್ಪತ್ತೆಂಟು ವರ್ಷ ಅದೇ ಕಾವಲಿಯ ಮುಂದೆ ನಿಂತ ಮನುಷ್ಯ. ಸಯನ್‌ನಲ್ಲಿ ಮನೆ, ಬೆಳಿಗ್ಗೆ ಮೊದಲ ಲೋಕಲ್ ರೈಲಿನಲ್ಲೇ ಬಂದು ಹಿಟ್ಟಿನ ಮುಚ್ಚಳ ತೆಗೆದು ಮೂಸಿ ನೋಡಿದರೆ ಮುಗಿಯಿತು, ಆ ದಿನದ ದೋಸೆ ಹೇಗೆ ಬರುತ್ತದೆ ಎಂದು ಹೇಳಿಬಿಡುತ್ತಿದ್ದರು. ಮಾತು ಕಡಿಮೆ. ದೋಸೆ ಮಗುಚುವ ಸಟ್ಟುಗ ಮಾತ್ರ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಅದು ಅವರು ಊರಿನಿಂದ ತಂದದ್ದು.

ಬೇಬಿ ಹಿಂದಿನ ವಾರ ಮಾಟುಂಗದಲ್ಲಿ ಯಾವುದೋ ಕನ್ನಡ ಸಂಘದ ಸಭೆಗೆ ಹೋಗಿ ಬಂದಿದ್ದಳು. ಅಲ್ಲಿ ಒಬ್ಬರಿಗೆ ಶಾಲು ಹೊದಿಸಿ ಹಾರ ಹಾಕಿ ಸನ್ಮಾನ ಮಾಡಿದ್ದು ನೋಡಿ, "ಅಂಕಲ್, ನಮ್ಮವರು ಅಪ್ರಿಶಿಯೇಟ್ ಮಾಡೋದು ಹೀಗೇ ಅಲ್ವಾ? ಹಾಗೇ ಮಾಡುವಾ" ಎಂದಳು. ನಾನು ತಡೆಯಬೇಕಿತ್ತು. ಹಸಿರು ಶಾಯಿಯ ಅವಮಾನದಲ್ಲಿ ಮುಳುಗಿದ್ದವನಿಗೆ ಐದು ಶಾಲುಗಳ ನೆನಪು ಬರಲಿಲ್ಲ.

ಭಾನುವಾರ ಮಧ್ಯಾಹ್ನ ಹೋಟೆಲ್ ಖಾಲಿಯಿದ್ದಾಗ ಕಾರ್ಯಕ್ರಮ. ಭಟ್ಟರನ್ನು ಕಾವಲಿಯ ಹತ್ತಿರದಿಂದ ಕರೆತಂದು ಕುರ್ಚಿಯಲ್ಲಿ ಕೂರಿಸಿದೆವು. ಅವರ ಕೈಯಲ್ಲಿ ಸಟ್ಟುಗ ಇನ್ನೂ ಇತ್ತು. ಬೇಬಿ ಬರೆದುಕೊಟ್ಟ ಕಾಗದವನ್ನು ಧಣಿಗಳು ತಡವರಿಸುತ್ತಾ ಓದಿದರು: "ನಿಮ್ಮ ಇಷ್ಟು ವರ್ಷದ ಸೇವೆಯನ್ನು ಈ ಹೋಟೆಲ್ ಎಂದೂ ಮರೆಯುವುದಿಲ್ಲ. ನಿಮಗೂ ನಿಮ್ಮ ಕುಟುಂಬಕ್ಕೂ ದೇವರು ಒಳ್ಳೆಯದು ಮಾಡಲಿ."

ಶಾಲು ಹೆಗಲಿಗೆ ಬಿದ್ದ ಕೂಡಲೇ ಭಟ್ಟರು ಬಿಳಿಚಿಕೊಂಡರು. ಹಾರ ಹಾಕಿದಾಗ ಕಣ್ಣಲ್ಲಿ ನೀರು. ಹಣ್ಣಿನ ಬುಟ್ಟಿ ಕೊಟ್ಟಾಗ ಜೋರಾಗಿ ಅತ್ತೇಬಿಟ್ಟರು. ಬೇಬಿಯೂ ಅತ್ತಳು. "ಎಷ್ಟು ಎಮೋಷನಲ್ ಆದ್ರು ನೋಡಿ ಅಂಕಲ್" ಎಂದಳು. ಭಟ್ಟರು ಎದ್ದುಹೋಗಿ ಕಾವಲಿಗೆ ಕೈಮುಗಿದರು, ಒಲೆಗೆ ಕೈಮುಗಿದರು, ಹಿಟ್ಟಿನ ಪಾತ್ರೆಗೂ ಕೈಮುಗಿದು ಬಾಗಿಲು ದಾಟಿದರು. ಅವರ ಭಕ್ತಿ ನೋಡಿ ನಾವೆಲ್ಲ ಇನ್ನೊಂದು ಸಲ ಚಪ್ಪಾಳೆ ತಟ್ಟಿದೆವು.

ಬಿಜಾಪುರದ ದೋಸೆ

ಸೋಮವಾರ ಬೆಳಿಗ್ಗೆ ಏಳಾಯಿತು. ಕಾವಲಿ ತಣ್ಣಗಿತ್ತು.

ಏಳೂವರೆಗೆ ಫೋನು ಮಾಡಿದೆ, ಸ್ವಿಚ್ ಆಫ್. ಎಂಟಕ್ಕೆ ಬ್ಯಾಂಕಿನವರು ಬಂದು ಕೂತರು. ಭಟ್ಟರ ಕೈಕೆಳಗೆ ಇನ್ನೊಬ್ಬ ದೋಸೆಯವನನ್ನು ತಯಾರು ಮಾಡಿಡಿ ಎಂದು ಧಣಿಗಳಿಗೆ ಹತ್ತು ವರ್ಷದಿಂದ ಹೇಳುತ್ತಿದ್ದೆ. ಈಗ ಹೇಳಿ ಪ್ರಯೋಜನವಿರಲಿಲ್ಲ. ಬಿಜಾಪುರದವನು, "ನಾ ಹಾಕ್ತೇನ್ ಬಿಡ್ರಿ, ದಿನಾ ನೋಡಿಲ್ಲೇನು" ಎಂದು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡ. ಸಟ್ಟುಗ ಹುಡುಕಿದರೆ ಸಿಗಲಿಲ್ಲ. ಭಟ್ಟರು ಅದನ್ನು ಮನೆಗೆ ತೆಗೆದುಕೊಂಡು ಹೋಗಿದ್ದರು.

ಆಗ ನನ್ನ ತಲೆಗೆ ಹೊಳೆಯಿತು. ಶಾಲು, ಹಾರ, ಹಣ್ಣು, ಸೇವೆಯನ್ನು ಮರೆಯುವುದಿಲ್ಲ ಎಂಬ ಮಾತು. ಅಯ್ಯೋ ದೇವರೇ, ನಾವು ಭಟ್ಟರನ್ನು ಕೆಲಸದಿಂದ ತೆಗೆದುಬಿಟ್ಟಿದ್ದೆವು! ಚಪ್ಪಾಳೆ ತಟ್ಟಿ ತೆಗೆದಿದ್ದೆವು!

ಧಣಿಗಳಿಗೆ ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದರು. "ಭಟ್ರಿಲ್ಲದೆ ಈ ಹೋಟೆಲ್ ಎಂತಕ್ಕೆ ಮಾರಾಯ? ಬೀಗ ಹಾಕುದೇ" ಎಂದರು. ಅದು ಉತ್ಪ್ರೇಕ್ಷೆಯಲ್ಲ. ನಮ್ಮಲ್ಲಿಗೆ ಬರುವ ಮುಕ್ಕಾಲು ಜನ ಬರುವುದು ಆ ದೋಸೆಗೆ.

ಅಷ್ಟರಲ್ಲಿ ಬಿಜಾಪುರದವನ ಮೊದಲ ದೋಸೆ ವಕೀಲರ ಟೇಬಲ್ಲಿಗೆ ಹೋಗಿತ್ತು. ಒಂದು ಕಡೆ ರೊಟ್ಟಿಯಷ್ಟು ದಪ್ಪ, ಇನ್ನೊಂದು ಕಡೆ ಕಾವಲಿಯಲ್ಲೇ ಉಳಿದಿತ್ತು. ಅದು ಮಗುಚಿದ್ದಲ್ಲ, ಕೆರೆದದ್ದು. ವಕೀಲರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಟ್ಟಲಿಲ್ಲ. ಎದ್ದು ನನ್ನ ಹತ್ತಿರ ಬಂದು, "ಮೂವತ್ತು ವರ್ಷದಿಂದ ಕ್ರಿಮಿನಲ್ ಕೇಸು ನಡೆಸುತ್ತಿದ್ದೇನೆ. ನನ್ನ ಒಬ್ಬ ಕಕ್ಷಿದಾರನಿಗೂ ಇಂಥ ಶಿಕ್ಷೆ ಆಗಿಲ್ಲ" ಎಂದರು.

ಸಯನ್‌ನ ಖೋಲಿಯಲ್ಲಿ

ಬೇಬಿಯೂ ನಾನೂ ಸಿಎಸ್‌ಟಿಯಿಂದ ಲೋಕಲ್ ಹಿಡಿದು ಸಯನ್‌ಗೆ ಹೋದೆವು. ಪರೇಲ್ ದಾಟಿದ ಮೇಲೆ ಅವಳು, "ಅಂಕಲ್, ನಾನು ಒಳ್ಳೇದಕ್ಕೇ ಮಾಡಿದ್ದು" ಎಂದಳು. ಪಾಪ ಅನಿಸಿತು. ಅವಳ ಮನಸ್ಸು ಒಳ್ಳೆಯದೇ.

ಒಂದೇ ಕೋಣೆಯ ಮನೆಗಳ ಚಾಲಿನ ಎರಡನೇ ಮಾಳಿಗೆಯಲ್ಲಿ ಭಟ್ಟರ ಖೋಲಿ. ಹೊರಗೆ ಏಳೆಂಟು ಜೋಡಿ ಚಪ್ಪಲಿ. ಅಕ್ಕಪಕ್ಕದವರು ಸಮಾಧಾನ ಹೇಳಲು ಬಂದಿದ್ದರು. ಒಳಗೆ ಭಟ್ಟರು ಗೋಡೆಗೊರಗಿ ಕೂತಿದ್ದರು, ಹೆಂಡತಿ ಒಲೆಯ ಹತ್ತಿರ. ಟ್ರಂಕು ತೆರೆದಿತ್ತು. ಶಾಲು ಮಡಿಚಿ ಹಣ್ಣಿನ ಬುಟ್ಟಿಯ ಮೇಲಿಟ್ಟಿದ್ದರು, ಒಂದು ಬಾಳೆಹಣ್ಣೂ ಮುಟ್ಟಿರಲಿಲ್ಲ. ಸಟ್ಟುಗ ಮಾತ್ರ ಮಡಿಲಲ್ಲಿತ್ತು.

ನಮ್ಮನ್ನು ಕಂಡದ್ದೇ ಎದ್ದು ನಿಂತರು. "ಬನ್ನಿ, ಕೂತ್ಕೊಳ್ಳಿ. ನನಗೆ ಧಣಿಗಳ ಮೇಲೆ ಬೇಸರ ಇಲ್ಲ. ತಪ್ಪು ಎಂತ ಅಂತ ಒಂದು ಮಾತು ಹೇಳ್ಬಹುದಿತ್ತು, ಅಷ್ಟೇ."

"ಅಯ್ಯೋ ಭಟ್ ಮಾಮ, ತಪ್ಪೇ ಇಲ್ಲ! ನೀವು ಬೆಸ್ಟ್ ಅಂತ ಶಾಲು ಹಾಕಿದ್ದು!"

"ಹಾಗೆ ಹೇಳ್ಬೇಡಿ ಬೇಬಿ. ನನಗೆ ಮೊದಲೇ ಗೊತ್ತಾಯ್ತು. ಇಪ್ಪತ್ತೆಂಟು ವರ್ಷ ದಿನಾ ಬೈದ ಮನುಷ್ಯ ಒಂದು ತಿಂಗಳು ನನಗೆ ಬೈಲೇ ಇಲ್ಲ. ಒಂದು ದಿನ ದೋಸೆ ಬೇಕೂಂತ್ಲೇ ಸೀಸಿ ಕಳಿಸಿದೆ. ಸುಮ್ಮನೆ ತಿಂದ್ರು. 'ತುಂಬಾ ಚೆಂದ ಆಗಿದೆ' ಅಂದ್ರು. ಆ ದಿನ ನಾನು ಇವಳಿಗೆ ಹೇಳಿದೆ, ನಮ್ಮ ಅನ್ನ ಮುಗೀತು ಅಂತ."

ಬೇಬಿ ಅವರ ಕೈ ಹಿಡಿದುಕೊಂಡಳು. "ಮಾಮ, ನೀವು ನಮಗೆ ಸ್ಟಾಫ್ ಅಲ್ಲ. ನೀವು ನಮ್ಮ ಫ್ಯಾಮಿಲಿ."

ಭಟ್ಟರ ಹೆಂಡತಿ ಒಲೆಯ ಹತ್ತಿರದಿಂದಲೇ ಹೇಳಿದರು: "ನನ್ನ ತಮ್ಮನನ್ನು ಕಂಪನಿಯವರು ತೆಗೆದಾಗಲೂ ಕಾಗದದಲ್ಲಿ ಹಾಗೇ ಬರೆದಿದ್ರು."

ಬೇಬಿ ತಲೆ ತಗ್ಗಿಸಿದಳು. ವಿಕ್ರೋಳಿಯಲ್ಲಿದ್ದಾಗ ಅಂಥ ಕಾಗದಗಳನ್ನು ಬರೆಯುವುದು ಅವಳದೇ ಕೆಲಸವಾಗಿತ್ತು.

ಇನ್ನು ಮಾತಿನಿಂದ ಆಗುವುದಲ್ಲ ಎಂದು ನನಗೆ ಗೊತ್ತಾಯಿತು. ಧಣಿಗಳಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಭಟ್ಟರ ಮುಂದೆ ಹಿಡಿದೆ. "ಧಣಿ, ಭಟ್ರು ಎದುರಿಗಿದ್ದಾರೆ. ಬೈಯಿರಿ."

"ಹೇಗೆ ಬೈಯುದು ಮಾರಾಯ? ಬೇಬಿಗೆ ಮಾತು ಕೊಟ್ಟಿದ್ದೇನೆ."

ಬೇಬಿ ಫೋನಿಗೆ ಬಾಯಿ ಹಚ್ಚಿ ಕೂಗಿದಳು. "ಪಪ್ಪಾ, ಪ್ಲೀಸ್! ಬೈಯಿ ಪಪ್ಪಾ!"

ಆಮೇಲೆ ಒಂದು ತಿಂಗಳಿನಿಂದ ಒಳಗೆ ತುಂಬಿಟ್ಟದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

"ಎಲ್ಲಿ ಹಾಳಾಗಿ ಹೋಗಿದ್ದೀರಿ ಭಟ್ರೇ? ಗಂಟೆ ಎಷ್ಟು? ಇಲ್ಲಿ ಹಿಟ್ಟು ಉಕ್ಕಿ ನೆಲಕ್ಕೆ ಇಳೀತಾ ಉಂಟು, ಯಾರು ನಿಮ್ಮ ಅಜ್ಜ ನೋಡುದಾ? ಒಂದು ಶಾಲು ಹಾಕಿದ ಕೂಡ್ಲೇ ದೊಡ್ಡ ಮನುಷ್ಯ ಆದ್ರಾ? ಆ ದಿನ ನನಗೆ ಕರಿ ದೋಸೆ ಕಳಿಸಿದ್ದು ಗೊತ್ತಿಲ್ಲ ಅಂತ ಮಾಡಿದ್ರಾ? ಅದು ದೋಸೆಯಾ, ಟಾರು ರೋಡಾ? ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಕೆಟ್ಟ ದೋಸೆ ನಾನು ತಿಂದಿಲ್ಲ! ನಿಮಗೆ ನಾಚಿಕೆ ಉಂಟಾ?"

ಭಟ್ಟರ ಬೆನ್ನು ನೆಟ್ಟಗಾಯಿತು. ಮುಖಕ್ಕೆ ಬಣ್ಣ ಬಂತು. ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ? ಬೈತಾ ಇದ್ದಾರೆ" ಎಂದರು. ಆಕೆ ಕಣ್ಣೊರೆಸಿಕೊಂಡು ದೇವರ ಫೋಟೊಕ್ಕೆ ಕೈಮುಗಿದರು. ಸಾವಿನ ಮನೆಗೆ ಬಂದ ನೆಂಟರಂತೆ ಕೂತಿದ್ದ ನೆರೆಯವರೆಲ್ಲ ನಿಟ್ಟುಸಿರು ಬಿಟ್ಟರು.

ಭಟ್ಟರು ಫೋನಿನ ಹತ್ತಿರ ಬಗ್ಗಿದರು. ಇಪ್ಪತ್ತೆಂಟು ವರ್ಷದಲ್ಲಿ ಅವರು ಧಣಿಗಳಲ್ಲಿ ಏನನ್ನೂ ಕೇಳಿದ್ದು ನನಗೆ ಗೊತ್ತಿಲ್ಲ. ಆ ದಿನ ಕೇಳಿದರು.

"ಧಣಿ, ಇವಳಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಬೈತೀರಾ?"

ಹದಿನಾಲ್ಕು ಚೀಟಿ

ಹನ್ನೊಂದಕ್ಕೆ ಕಾವಲಿ ಕಾದಿತ್ತು. ಮೊದಲ ದೋಸೆ ಧಣಿಗಳ ಟೇಬಲ್ಲಿಗೆ ಹೋಯಿತು. ಅವರು ಮಾತಾಡದೆ ತಿಂದು, ಖಾಲಿ ತಟ್ಟೆ ಮುಂದೆ ತಳ್ಳಿ, "ಇನ್ನೊಂದು ಹಾಕಿ, ಹಿಟ್ಟು ದಂಡ ಆಗುದು ಬೇಡ" ಎಂದರು. ಬೇಬಿ ನನ್ನ ಕಡೆ ನೋಡಿದಳು. "ಇದೇ ನಮ್ಮ ಅಪ್ರಿಶಿಯೇಷನ್" ಎಂದೆ. ಅವಳಿಗೆ ಅರ್ಥವಾಯಿತು. ಬೈಗುಳದ ನಿಷೇಧ ಅಂದೇ ರದ್ದಾಯಿತು. ಚೀಟಿಯ ಡಬ್ಬ ಮಾತ್ರ ಇರಲಿ, ಶಾಲು ಅಂದರೆ ಬರೀ ಶಾಲು ಎಂದು ಎಲ್ಲರಿಗೂ ತಿಳಿಸಿಹೇಳುತ್ತೇನೆ ಎಂದಳು. ತಿಳಿಸಿಯೂ ಹೇಳಿದಳು. ಎಲ್ಲರೂ ತಲೆಯಾಡಿಸಿದರು.

ಮುಂದಿನ ತಿಂಗಳ ಕೊನೆಯ ಶನಿವಾರ ಡಬ್ಬ ತೆರೆದರು. ಭಟ್ಟರನ್ನು ಸೇರಿಸಿ ಕೆಲಸದವರು ಹದಿನಾಲ್ಕು ಮಂದಿ. ಹದಿನಾಲ್ಕು ಚೀಟಿ. ಹದಿನಾಲ್ಕೂ ನನ್ನ ಹೆಸರಿಗೆ.

ಬೇಬಿ ಕುಣಿದಾಡಿದಳು. ನನ್ನ ಎದೆಯೂ ಉಬ್ಬಿತು. ಇಪ್ಪತ್ತಾರು ವರ್ಷ ಕಾದ ಮರ್ಯಾದೆ, ಅದೂ ಬಲಗೈಯಲ್ಲಿ ಬರೆದದ್ದು, ನೀಲಿ ಶಾಯಿಯಲ್ಲಿ ಬರೆದದ್ದು! ಬಿಜಾಪುರದವನನ್ನು ಬದಿಗೆ ಕರೆದು, "ನನ್ನ ಮೇಲೆ ನಿಮಗೆಲ್ಲ ಇಷ್ಟು ಪ್ರೀತಿಯೇನೋ?" ಎಂದು ಕೇಳಿದೆ.

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಮತ್ತ ಯಾರ ಹೆಸರ ಬರೀಬೇಕ್ರಿ ಸಾಹೇಬ್ರ? ನಮಗೆಲ್ಲಾ ಇನ್ನೂ ಸಣ್ಣ ಸಣ್ಣ ಮಕ್ಕಳದಾವ. ನಿಮ್ಮ ಮಗಳ ಮದಿವಿ ಆಗೇತಿ."

ಅಷ್ಟರಲ್ಲಿ ಬೇಬಿ ಶಾಲು ಬಿಡಿಸಿಕೊಂಡು ನನ್ನ ಕಡೆ ಬರುತ್ತಿದ್ದಳು. ಭಟ್ಟರು ವಾಪಸು ಕೊಟ್ಟ ಅದೇ ಶಾಲು. ಬರೀ ಶಾಲು, ಬರೀ ಶಾಲು ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಆದರೂ ಎರಡೂ ಕೈಯಲ್ಲಿ ಗಲ್ಲಾದ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಬೇಡ ಬೇಬಿ, ಸೆಕೆ" ಎಂದೆ.

ಧಣಿಗಳು ದೂರದಿಂದ ನೋಡುತ್ತಿದ್ದರು. ಕೈಗೋಲು ಕುಟ್ಟುತ್ತಾ ಎದ್ದು ಬಂದರು.

"ಏ ಬೇಬಿ, ಆ ಶಾಲು ಒಳಗಿಡು! ಇವನಿಗೆ ಯಾಕೆ ಶಾಲು? ಬೆಳಿಗ್ಗೆಯಿಂದ ಗಲ್ಲಾದಲ್ಲಿ ಕೂತು ಆಕಳಿಸುದು, ಗಿರಾಕಿ ಹತ್ರ ಪಟ್ಟಾಂಗ ಹೊಡೆಯುದು, ಕಳ್ಳ ಚೀಟಿ ಬರೆಯುದು. ಇವನಿಗೆ ಬೈಲಿಕ್ಕೆ ನನ್ನ ಹತ್ರ ಇನ್ನೂ ಹತ್ತು ವರ್ಷದ ಸಾಮಾನು ಉಂಟು. ಅದು ಮುಗಿಯುವವರೆಗೆ ಇವನು ಇಲ್ಲಿಂದ ಅಲ್ಲಾಡುವ ಹಾಗಿಲ್ಲ!"

ಇಡೀ ಹೋಟೆಲ್ ನಕ್ಕಿತು. ವಕೀಲರು ಇಡ್ಲಿ ಬಿಟ್ಟು ಚಪ್ಪಾಳೆ ತಟ್ಟಿದರು. ನಾನು ಬಗ್ಗಿ ಗಲ್ಲಾದ ಕೆಳಗೆ ಏನೋ ಹುಡುಕಿದಂತೆ ಮಾಡಿದೆ. ಕಣ್ಣು ಒರೆಸಿಕೊಳ್ಳಬೇಕಿತ್ತು.

ಆ ಶಾಲು ಈಗ ಅಡಿಗೆಮನೆಯಲ್ಲಿದೆ. ಚಳಿಯ ದಿನಗಳಲ್ಲಿ ಹಿಟ್ಟು ಉಕ್ಕಲಿ ಎಂದು ಭಟ್ಟರು ಅದನ್ನು ಪಾತ್ರೆಗೆ ಹೊದಿಸುತ್ತಾರೆ. ನಾನು ಆ ಸಂಜೆ ಯಾರೂ ಇಲ್ಲದಾಗ ಒಂದು ಚೀಟಿ ಬರೆದು ಡಬ್ಬಕ್ಕೆ ಹಾಕಿದೆ: "ಧಣಿಗಳೇ, ಬೈದದ್ದಕ್ಕೆ ಧನ್ಯವಾದ." ಈ ಸಲ ಬಲಗೈಯಲ್ಲೇ ಬರೆದೆ. ಕೆಳಗೆ ಹೆಸರು ಹಾಕಲಿಲ್ಲ. ಹಸಿರು ಶಾಯಿ ಇರುವಾಗ ಹೆಸರು ಯಾಕೆ?